ರೋಜರ್ ಮೊಲವನ್ನು ಕುಣಿಸಿದ್ದು ಕಂಪ್ಯೂಟರ್ ಅಲ್ಲ!

ನಿಜವಾದ ನಟನ ಪಕ್ಕದಲ್ಲಿ ಕಾರ್ಟೂನ್ ಮೊಲವೊಂದು ಕುಣಿಯುವುದನ್ನು ಕಂಡೊಡನೆ ನಾವು ‘ಇದು ಕಂಪ್ಯೂಟರ್ ಗ್ರಾಫಿಕ್ಸ್’ ಎಂದುಬಿಡುತ್ತೇವೆ. 1988ರ ಹಾಲಿವುಡ್ ಹಾಸ್ಯಚಿತ್ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಮಟ್ಟಿಗೆ ಇದು ತಪ್ಪು. ಅದರ ಕಾರ್ಟೂನ್ ಪಾತ್ರಗಳನ್ನು ಕಲಾವಿದರು ಕೈಯಿಂದಲೇ ಬರೆದರು.

ಹಾಗಾದರೆ ಮಾಡಿದ್ದು ಹೇಗೆ? ನಿರ್ದೇಶಕ ರಾಬರ್ಟ್ ಜೆಮೆಕಿಸ್ ಮೊದಲು ನಟರ ಭಾಗವನ್ನು ಚಿತ್ರೀಕರಿಸಿದರು. ಪತ್ತೇದಾರನ ಪಾತ್ರ ಮಾಡಿದ ಬಾಬ್ ಹಾಸ್ಕಿನ್ಸ್, ಎದುರಿಗಿಲ್ಲದ ಮೊಲದ ಕಣ್ಣಿನ ಎತ್ತರಕ್ಕೆ ದೃಷ್ಟಿ ನೆಟ್ಟು ಮಾತಾಡಬೇಕಿತ್ತು. ಮೊಲ ಹಿಡಿದಂತೆ ಕಾಣುವ ವಸ್ತುಗಳನ್ನು ತಂತಿ, ಯಂತ್ರಗಳಿಂದ ಅಲುಗಾಡಿಸಿದರು. ಆಮೇಲೆ ರಿಚರ್ಡ್ ವಿಲಿಯಮ್ಸ್ ನೇತೃತ್ವದ ತಂಡ ಆ ದೃಶ್ಯಗಳಿಗೆ ಹೊಂದುವಂತೆ ಒಂದೊಂದೇ ಚಿತ್ರ ಬರೆಯಿತು. ಸಿನಿಮಾದ ಒಂದು ಸೆಕೆಂಡ್ ಎಂದರೆ 24 ಫ್ರೇಮ್! ನೆರಳು, ಹೊಳಪುಗಳನ್ನು ಬೇರೆ ಪದರಗಳಾಗಿ ಮಾಡಿ, ಆಪ್ಟಿಕಲ್ ಪ್ರಿಂಟರ್‌ನಲ್ಲಿ ಎಲ್ಲವನ್ನೂ ಒಂದಾಗಿಸಿದರು. ಮೊಲ ಅಂಟಿಸಿದ ಚಿತ್ರದಂತೆ ಕಾಣದೆ, ಮೈದುಂಬಿ ನಿಂತಂತೆ ಕಾಣುವುದು ಇದರಿಂದಲೇ.

ವಿಷುಯಲ್ ಎಫೆಕ್ಟ್‌ಗಾಗಿ ಚಿತ್ರಕ್ಕೆ ಆಸ್ಕರ್ ಬಂತು. ವಿಲಿಯಮ್ಸ್ ಅವರಿಗೆ ವಿಶೇಷ ಆಸ್ಕರ್ ಸಂದಿತು. ಇಂಥ ಬೆರಕೆ ಆಗಲೂ ಹೊಸದಲ್ಲ: 1945ರಲ್ಲೇ ‘ಆಂಕರ್ಸ್ ಅವೇ’ ಚಿತ್ರದಲ್ಲಿ ನಟ ಜೀನ್ ಕೆಲ್ಲಿ, ಜೆರ್ರಿ ಇಲಿಯೊಂದಿಗೆ ಕುಣಿದಿದ್ದರು.

ಹಾಗಾಗಿ ‘ಕಂಪ್ಯೂಟರ್ ಚಮತ್ಕಾರ’ ಎಂಬ ಒಕ್ಕಣೆಯೊಡನೆ ಮೊಲದ ದೃಶ್ಯ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಅದನ್ನು ಬರೆದ ಕೈಗಳನ್ನು ನೆನೆಯೋಣ.