ಬೆರಳ ತುದಿಯ ಕ್ಲಿಪ್ಪಿಗೆ ಬಿದ್ದ ಬೀಗ

ಶಸ್ತ್ರಚಿಕಿತ್ಸೆಗೆ ಒಳಗಾಗುವ ರೋಗಿಯ ಬೆರಳಿಗೆ ಸಿಬ್ಬಂದಿ ಒಂದು ಕ್ಲಿಪ್ಪು ಸಿಕ್ಕಿಸುತ್ತಾರೆ. ಅದರಿಂದ ಹೊರಟ ತಂತಿ ಪಕ್ಕದ ಮಾನಿಟರಿಗೆ ಸೇರುತ್ತದೆ. ಪರದೆಯ ಮೇಲೆ 98, 97 ಎಂಬಂತೆ ಅಂಕಿಗಳು ಮೂಡುತ್ತವೆ. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಶೇಕಡ ಎಷ್ಟು ಭಾಗ ಆಮ್ಲಜನಕ ಹೊತ್ತಿದೆ ಎಂಬುದರ ಲೆಕ್ಕ ಅದು. ಅಂಕಿ 90ಕ್ಕಿಂತ ಕೆಳಗಿಳಿದರೆ ಅರಿವಳಿಕೆ ವೈದ್ಯರ ಕಿವಿ ನೆಟ್ಟಗಾಗುತ್ತದೆ. ಈ ಸಾಧನಕ್ಕೆ ಪಲ್ಸ್ ಆಕ್ಸಿಮೀಟರ್ ಎಂದು ಹೆಸರು.

ಮಾನಿಟರನ್ನು ಒಮ್ಮೆ ಕೊಂಡರೆ ಹಲವು ವರ್ಷ ಬಾಳುತ್ತದೆ. ಕ್ಲಿಪ್ಪಿನ ಮಾತು ಹಾಗಲ್ಲ. ತಂತಿ ತುಂಡಾಗುತ್ತದೆ, ಸ್ಪ್ರಿಂಗ್ ಸಡಿಲವಾಗುತ್ತದೆ. ಅಂಟುಪಟ್ಟಿಯಂತೆ ಸುತ್ತುವ ಸೆನ್ಸರುಗಳನ್ನಂತೂ ಒಬ್ಬ ರೋಗಿಗೆ ಬಳಸಿ ಎಸೆಯಬೇಕು. ಆಸ್ಪತ್ರೆಯ ಖರ್ಚು ಬೆಳೆಯುವುದು ಇಲ್ಲೇ. ಹಾಗಾದರೆ ಒಂದು ಕಂಪನಿಯ ಮಾನಿಟರಿಗೆ ಇನ್ನೊಂದು ಕಂಪನಿಯ ಅಗ್ಗದ ಸೆನ್ಸರ್ ಹಾಕಬಾರದೇಕೆ? ಸರಳವಾಗಿ ಕಾಣುವ ಈ ಪ್ರಶ್ನೆ ಅಮೆರಿಕದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು.

ಅಡಚಣೆಯೇ ಉಪಾಯವಾಯಿತು

ಕಥೆ ಆರಂಭವಾಗುವುದು ಜಪಾನಿನಲ್ಲಿ. ನಿಹೊನ್ ಕೊಹ್ಡೆನ್ ಕಂಪನಿಯ ಎಂಜಿನಿಯರ್ ತಕುವೊ ಅಯೊಯಾಗಿ 1970ರ ದಶಕದ ಮೊದಲ ವರ್ಷಗಳಲ್ಲಿ ಹೃದಯ ಎಷ್ಟು ರಕ್ತ ಹೊರದೂಡುತ್ತದೆ ಎಂಬುದನ್ನು ಅಳೆಯಲು ಯತ್ನಿಸುತ್ತಿದ್ದರು. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಮೂಲಕ ಬೆಳಕು ಹಾಯಿಸಿ ನೋಡುವ ವಿಧಾನವದು. ಆದರೆ ನಾಡಿ ಮಿಡಿದಾಗಲೆಲ್ಲ ಅಳತೆ ಅಲುಗಾಡುತ್ತಿತ್ತು. ಈ ಅಡಚಣೆಯನ್ನು ನಿವಾರಿಸಲು ಹೊರಟ ಅಯೊಯಾಗಿ ಅದರಲ್ಲೇ ಉಪಯೋಗವನ್ನು ಕಂಡರು. ಮಿಡಿತದೊಂದಿಗೆ ಬದಲಾಗುವ ಬೆಳಕಿನ ಭಾಗ ಅಪಧಮನಿಯ ರಕ್ತದ್ದು. ಅದನ್ನಷ್ಟೇ ಬೇರ್ಪಡಿಸಿ ನೋಡಿದರೆ ಚರ್ಮ, ಮೂಳೆ, ಮಾಂಸಗಳ ಗೊಂದಲವಿಲ್ಲದೆ ಆಮ್ಲಜನಕದ ಲೆಕ್ಕ ಸಿಗುತ್ತದೆ. 1974ರಲ್ಲಿ ಈ ವಿಚಾರ ಬೆಳಕಿಗೆ ಬಂತು. 2020ರ ಏಪ್ರಿಲ್‌ನಲ್ಲಿ, ಇಡೀ ಜಗತ್ತು ಆಕ್ಸಿಮೀಟರಿಗಾಗಿ ಹುಡುಕಾಡುತ್ತಿದ್ದ ದಿನಗಳಲ್ಲಿ, ಅಯೊಯಾಗಿ ತೀರಿಕೊಂಡರು.

ವಿಚಾರ ಜಪಾನಿನದಾದರೂ ಅದು ಆಸ್ಪತ್ರೆಗಳ ತುಂಬ ಹರಡಿದ್ದು ಅಮೆರಿಕದಿಂದ. ಅರಿವಳಿಕೆ ತಜ್ಞ ವಿಲಿಯಂ ನ್ಯೂ, ಜ್ಯಾಕ್ ಲಾಯ್ಡ್ ಮತ್ತು ಜಿಮ್ ಕೊರೆನ್‌ಮನ್ 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೆಲ್‌ಕೋರ್ ಕಂಪನಿ ಕಟ್ಟಿದರು. ಮೂವರ ಹೆಸರಿನ ಅಕ್ಷರಗಳೇ ಸೇರಿ ಕಂಪನಿಯ ಹೆಸರಾಯಿತು. ಅವರ ಎನ್-100 ಯಂತ್ರ 1983ರಲ್ಲಿ ಬಂತು. 1990ರ ಹೊತ್ತಿಗೆ ಅಮೆರಿಕದಲ್ಲಿ ಅರಿವಳಿಕೆ ಕೊಡುವಾಗ ಆಕ್ಸಿಮೀಟರ್ ಇರಲೇಬೇಕು ಎಂಬ ನಿಯಮವನ್ನು ಅಲ್ಲಿನ ಅರಿವಳಿಕೆ ತಜ್ಞರ ಸಂಘ ಮಾಡಿಕೊಂಡಿತು.

ಸೇರಿನ ಮೇಲೆ ಕೊರೆದ ಅಳತೆ

ಕ್ಲಿಪ್ಪಿನ ಒಂದು ಬದಿಯಲ್ಲಿ ಎರಡು ಪುಟ್ಟ ಎಲ್‌ಇಡಿ ದೀಪಗಳಿರುತ್ತವೆ. ಒಂದರದು ಸುಮಾರು 660 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕು, ಇನ್ನೊಂದರದು ಸುಮಾರು 940 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಎದುರು ಬದಿಯಲ್ಲಿ ಬೆಳಕನ್ನು ಗ್ರಹಿಸುವ ಬಿಲ್ಲೆ. ಆಮ್ಲಜನಕ ಹೊತ್ತ ರಕ್ತ, ಹೊರದ ರಕ್ತ ಎರಡೂ ಈ ಬೆಳಕುಗಳನ್ನು ಹೀರುವ ಪ್ರಮಾಣ ಬೇರೆ ಬೇರೆ. ಆ ವ್ಯತ್ಯಾಸವನ್ನು ಮಾನಿಟರ್ ಶೇಕಡಾವಾರಿಗೆ ತಿರುಗಿಸುತ್ತದೆ.

ತೊಡಕು ಇರುವುದು ದೀಪದಲ್ಲಿ. ಕಾರ್ಖಾನೆಯಿಂದ ಬರುವ ಎಲ್‌ಇಡಿಗಳೆಲ್ಲ ಸರಿಯಾಗಿ 660 ನ್ಯಾನೋಮೀಟರಿನವಲ್ಲ. ಒಂದೊಂದು ಕೆಲವು ನ್ಯಾನೋಮೀಟರುಗಳಷ್ಟು ಆಚೀಚೆ. ಕೆಂಪು ಬೆಳಕಿನ ಆ ಭಾಗದಲ್ಲಿ ಅಲೆಯುದ್ದ ತುಸು ಸರಿದರೂ ರಕ್ತ ಹೀರುವ ಬೆಳಕಿನ ಪ್ರಮಾಣ ಸಾಕಷ್ಟು ಬದಲಾಗುತ್ತದೆ. ಅಂದರೆ ದೀಪ ಬದಲಾದರೆ ಅಂಕಿಯೂ ತಪ್ಪಬಹುದು. ಇಂಥ ತಪ್ಪು ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ತಪ್ಪು ಅಂಕಿಯೂ ಪರದೆಯ ಮೇಲೆ ಸರಿಯಾದ ಅಂಕಿಯಂತೆಯೇ ಹೊಳೆಯುತ್ತದೆ.

ನೆಲ್‌ಕೋರ್ ಕಂಡುಕೊಂಡ ಪರಿಹಾರ ಬಹು ಸರಳ. ಸಂತೆಯಲ್ಲಿ ಒಬ್ಬೊಬ್ಬರ ಸೇರು ಒಂದೊಂದು ಅಳತೆಯದಾಗಿದ್ದರೆ, ಪ್ರತಿ ಸೇರಿನ ಮೇಲೂ ಅದರ ನಿಜವಾದ ಅಳತೆಯನ್ನು ಕೊರೆದಿಟ್ಟರೆ ಸಾಕಲ್ಲವೇ? ಹಾಗೆಯೇ ಪ್ರತಿ ಸೆನ್ಸರಿನ ಪ್ಲಗ್ಗಿನೊಳಗೆ ಒಂದು ಪುಟ್ಟ ರೆಸಿಸ್ಟರ್ ಕೂರಿಸಿದರು. ಅದರ ವಿದ್ಯುತ್ ಪ್ರತಿರೋಧ ಎಷ್ಟೆಂದು ಮಾನಿಟರ್ ಮೊದಲು ಓದುತ್ತದೆ. ‘ಇದು ಇಂಥ ಅಲೆಯುದ್ದದ ದೀಪ’ ಎಂದು ಅರಿತು, ತನ್ನಲ್ಲಿರುವ ಕೋಷ್ಟಕಗಳಲ್ಲಿ ಅದಕ್ಕೆ ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. ಈ ಕೋಷ್ಟಕಗಳು ಬರಿಯ ಗಣಿತದಿಂದ ಬಂದವಲ್ಲ. ಆರೋಗ್ಯವಂತ ಸ್ವಯಂಸೇವಕರಿಗೆ ಕಡಿಮೆ ಆಮ್ಲಜನಕದ ಗಾಳಿ ಉಸಿರಾಡಲು ಕೊಟ್ಟು, ಅವರ ರಕ್ತವನ್ನು ಪರೀಕ್ಷಿಸಿ, ತಾಳೆ ನೋಡಿ ಸಿದ್ಧಪಡಿಸಿದವು.

ಈ ವಿಧಾನಕ್ಕೆ ‘ಆರ್-ಕ್ಯಾಲ್’ ಎಂಬ ಹೆಸರು ಬಂತು. ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ರೋಗಿಯ ಸುರಕ್ಷತೆಗೆಂದು ಕೂರಿಸಿದ ರೆಸಿಸ್ಟರ್ ಹೀಗೆ ಇತರ ತಯಾರಕರ ಪಾಲಿಗೆ ಬೀಗವೂ ಆಯಿತು.

ಪ್ಲಗ್ಗು ಹೊಂದಿತು, ಸೆನ್ಸರ್ ಹೊಂದಲಿಲ್ಲ

ಬೀಗವಿಲ್ಲದಿದ್ದರೆ ಎಲ್ಲವೂ ಸುಗಮ ಎನ್ನುವಂತೆಯೂ ಇರಲಿಲ್ಲ. ಬೇರೆ ಬೇರೆ ತಯಾರಕರ ಪ್ಲಗ್ಗುಗಳು ಕೆಲವೊಮ್ಮೆ ಒಂದೇ ಆಕಾರದವಾಗಿದ್ದರೂ ಒಳಗಿನ ತಂತಿಗಳ ಜೋಡಣೆ ಬೇರೆಯಾಗಿರುತ್ತಿತ್ತು. ಹೊಂದದ ಸೆನ್ಸರನ್ನು ಮಾನಿಟರಿಗೆ ಸಿಕ್ಕಿಸಿದ್ದರಿಂದ ದೀಪ ಅತಿಯಾಗಿ ಕಾದು ರೋಗಿಯ ಬೆರಳು ಸುಟ್ಟ ಪ್ರಕರಣಗಳು 1990ರ ಸುಮಾರಿಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದವು. ಅರಿವಳಿಕೆಯಲ್ಲಿರುವ ರೋಗಿ ಉರಿಯುತ್ತಿದೆ ಎಂದು ಹೇಳಲಾರ. ‘ಪ್ಲಗ್ಗು ಹೊಂದಿತು, ಆದ್ದರಿಂದ ಸೆನ್ಸರೂ ಹೊಂದುತ್ತದೆ’ ಎಂಬ ನಂಬಿಕೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಇಷ್ಟು ಸಾಕು.

ಪೇಟೆಂಟ್ ಮುಗಿದಾಗ

ಆರ್-ಕ್ಯಾಲ್ ಪೇಟೆಂಟಿನ ಅವಧಿ 2003ರ ನವೆಂಬರ್‌ಗೆ ಮುಗಿಯಿತು. ಅಷ್ಟರಲ್ಲಿ ನೆಲ್‌ಕೋರ್ ಕೈಬದಲಾಗಿ ಟೈಕೊ ಕಂಪನಿಯ ಪಾಲಾಗಿತ್ತು. ಇನ್ನು ಯಾರು ಬೇಕಾದರೂ ಇಂಥ ಸೆನ್ಸರ್ ತಯಾರಿಸಬಹುದು, ಬೆಲೆ ಇಳಿಯುತ್ತದೆ ಎಂದು ಖರೀದಿದಾರರು ಎಣಿಸಿದ್ದರು. ಆದರೆ ಟೈಕೊ ಆ ಹೊತ್ತಿಗೆ ‘ಆಕ್ಸಿಮ್ಯಾಕ್ಸ್’ ಎಂಬ ಹೊಸ ವ್ಯವಸ್ಥೆಯನ್ನು ರೂಪಿಸಿತ್ತು. ಅದರಲ್ಲಿ ರೆಸಿಸ್ಟರಿನ ಬದಲು ಸೆನ್ಸರಿನಲ್ಲೇ ಒಂದು ಮೆಮೊರಿ ಚಿಪ್. ಅಳತೆಯ ಕೋಷ್ಟಕ ಮಾನಿಟರಿನಿಂದ ಸೆನ್ಸರಿಗೆ ವಲಸೆ ಬಂದಿತ್ತು. ಚಿಪ್ ಇಲ್ಲದ ಅಗ್ಗದ ಸೆನ್ಸರ್ ಹೊಸ ಮಾನಿಟರಿನಲ್ಲಿ ನಡೆಯುತ್ತಿರಲಿಲ್ಲ. ಹಳೆಯ ಬಗೆಯ ಮಾನಿಟರುಗಳ ತಯಾರಿಕೆಯನ್ನೂ ಟೈಕೊ ನಿಲ್ಲಿಸಿತು.

ಅಮೆರಿಕದ ಕೆಲವು ಆಸ್ಪತ್ರೆಗಳು ಹಾಗೂ ಖರೀದಿದಾರರು ಇದು ಏಕಸ್ವಾಮ್ಯ ಉಳಿಸಿಕೊಳ್ಳುವ ತಂತ್ರ ಎಂದು ದಾವೆ ಹೂಡಿದರು. ಕಂಪನಿಯ ವಾದ ಬೇರೆ. ಹಳೆಯ ಮಾನಿಟರಿನಲ್ಲಿ ಅಡಗಿದ ಕೋಷ್ಟಕಗಳು ಕೆಲವೇ. ಹೊಸ ಬಗೆಯ ಸೆನ್ಸರ್ ಬಂದರೆ ಅದು ಹಳೆಯ ಮಾನಿಟರಿಗೆ ಅರ್ಥವಾಗದು. ಕೋಷ್ಟಕ ಸೆನ್ಸರಿನಲ್ಲೇ ಇದ್ದರೆ ಮಾನಿಟರ್ ಬದಲಿಸದೆ ಹೊಸ ಸೆನ್ಸರ್ ಬಳಸಬಹುದು.

ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಕಂಪನಿಯ ಪರವಾಗಿ ತೀರ್ಪಿತ್ತಿತು. ಬಳಕೆದಾರರಿಗೆ ಹೊಸ ಅನುಕೂಲ ಒದಗಿಸುವ ಸುಧಾರಣೆಯು, ಸ್ಪರ್ಧೆಯನ್ನು ಹತ್ತಿಕ್ಕುವ ಬೇರೆ ನಡವಳಿಕೆ ಜೊತೆಗಿಲ್ಲದಿದ್ದರೆ, ಅಪರಾಧವಾಗದು ಎಂಬುದು ತೀರ್ಪಿನ ಸಾರ. ಸುಧಾರಣೆಯ ಲಾಭ ಎಷ್ಟು, ಸ್ಪರ್ಧೆಗಾದ ನಷ್ಟ ಎಷ್ಟು ಎಂದು ತಕ್ಕಡಿಯಲ್ಲಿ ತೂಗಲು ನ್ಯಾಯಾಲಯ ಒಪ್ಪಲಿಲ್ಲ. ಹಳೆಯ ಮಾನಿಟರುಗಳು ಇರುವಷ್ಟು ಕಾಲ ಅಗ್ಗದ ಸೆನ್ಸರಿಗೂ ಗಿರಾಕಿ ಇದ್ದೇ ಇದ್ದರು.

ಹೊಣೆ ಯಾರದು?

ಆಕ್ಸಿಮೀಟರುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 80601-2-61 ಮೊದಲು ಪ್ರಕಟವಾದದ್ದು 2011ರಲ್ಲಿ. ಬೇರೆಯವರ ಸೆನ್ಸರ್ ಬಳಸಲೇಬಾರದು ಎಂದು ಅದು ಹೇಳುವುದಿಲ್ಲ. ಮಾನಿಟರ್, ತಂತಿ, ಸೆನ್ಸರ್ ಮೂರೂ ಪರಸ್ಪರ ಹೊಂದುತ್ತವೆಯೇ ಎಂಬುದನ್ನು ಬಳಸುವ ಮುನ್ನ ಖಚಿತಪಡಿಸಿಕೊಳ್ಳಬೇಕು, ಇಲ್ಲವಾದರೆ ರೋಗಿಗೆ ಅಪಾಯವಾದೀತು ಎನ್ನುತ್ತದೆ. ಯಾವ ಸೆನ್ಸರ್ ಯಾವ ಮಾನಿಟರಿಗೆ ಎಂದು ತಯಾರಕರು ಬರೆದುಕೊಡಬೇಕು. ಅದನ್ನು ನೋಡಿ ಕೊಳ್ಳುವುದು ಆಸ್ಪತ್ರೆಯ ಕೆಲಸ.

2020 ಮತ್ತು 2021ರ ಕೋವಿಡ್ ದಿನಗಳಲ್ಲಿ ನಮ್ಮ ಊರುಗಳ ಔಷಧ ಅಂಗಡಿಗಳಲ್ಲಿ ಜನ ಕೇಳಿ ಕೊಂಡ ಪುಟ್ಟ ಆಕ್ಸಿಮೀಟರಿಗೆ ಈ ತಕರಾರಿಲ್ಲ. ಅದರಲ್ಲಿ ಸೆನ್ಸರೂ ಪರದೆಯೂ ಒಂದೇ ಡಬ್ಬಿಯಲ್ಲಿವೆ. ಆದರೆ ಆಸ್ಪತ್ರೆಯ ಹಾಸಿಗೆಯ ಪಕ್ಕದ ಮಾನಿಟರಿಗೆ ಇಂದಿಗೂ ಬೇರೆಯಾಗಿ ಸೆನ್ಸರ್ ಕೊಳ್ಳಬೇಕು. ಕೊಳ್ಳುವವರು ಬೆಲೆಯನ್ನು ಕೇಳುವುದು ನ್ಯಾಯವೇ. ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಈ ಸೆನ್ಸರನ್ನು ಇದೇ ಮಾನಿಟರಿಗೆ ಜೋಡಿಸಿ ತಾಳೆ ನೋಡಿದವರು ಯಾರು?