ಗರ್ಭಿಣಿ ಮತ್ತು ಓಟ: ಒಂದು ಭಯದ ಇತಿಹಾಸ

1983ರ ಜನವರಿಯಲ್ಲಿ ನಾರ್ವೆಯ ಇಂಗ್ರಿಡ್ ಕ್ರಿಸ್ಟಿಯನ್ಸೆನ್ ಅಮೆರಿಕದ ಹ್ಯೂಸ್ಟನ್ ಮ್ಯಾರಥಾನ್ ಗೆದ್ದರು. ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿಶ್ವ ಕ್ರಾಸ್ ಕಂಟ್ರಿ ಸ್ಪರ್ಧೆಯಲ್ಲಿ ಮಾತ್ರ ಬಹಳ ಹಿಂದೆ ಬಿದ್ದರು. ಕಾರಣ ಹುಡುಕಿದಾಗ ತಿಳಿದದ್ದು, ಅವರು ಹಲವು ತಿಂಗಳ ಗರ್ಭಿಣಿ! ಅಂದರೆ ಹ್ಯೂಸ್ಟನ್‌ನ 42 ಕಿಲೋಮೀಟರ್ ಓಡಿದಾಗಲೂ ಮಗು ಹೊಟ್ಟೆಯಲ್ಲಿತ್ತು. ಆಗಸ್ಟ್‌ನಲ್ಲಿ ಗಂಡುಮಗು ಹುಟ್ಟಿತು. 1984ರ ಜನವರಿಯಲ್ಲಿ ಅದೇ ಹ್ಯೂಸ್ಟನ್‌ನಲ್ಲಿ ಆಕೆ ಮತ್ತೆ ಗೆದ್ದರು.

ಅಲ್ಲಿಯವರೆಗೆ ವೈದ್ಯರೂ ಕ್ರೀಡಾಧಿಕಾರಿಗಳೂ ಹೇಳುತ್ತ ಬಂದದ್ದೇ ಬೇರೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟದ ಅಂತಿಮ ಸ್ಪರ್ಧೆಯಲ್ಲಿ ಒಂಬತ್ತು ಮಂದಿ ಓಡಿದರು, ಒಂಬತ್ತೂ ಮಂದಿ ಗುರಿ ಮುಟ್ಟಿದರು. ಪತ್ರಿಕೆಗಳು ಮಾತ್ರ ಓಟಗಾರ್ತಿಯರು ಸಾಲಾಗಿ ಕುಸಿದುಬಿದ್ದರೆಂದು ಬರೆದವು. ಆ ಓಟ 1960ರವರೆಗೆ ಒಲಿಂಪಿಕ್ಸ್‌ಗೆ ಮರಳಲಿಲ್ಲ. ದೂರ ಓಡಿದರೆ ಗರ್ಭಕೋಶ ಜಾರುತ್ತದೆ ಎಂಬ ಮಾತನ್ನು 1960ರ ದಶಕದ ಅಮೆರಿಕದ ಓಟಗಾರ್ತಿಯರೂ ಕೇಳಬೇಕಾಯಿತು. ಓಟ ಹೆಣ್ಣಿಗೆ ಹೇಳಿದ್ದಲ್ಲ ಎನ್ನುವವರು ನಮ್ಮಲ್ಲೂ ಇದ್ದಾರೆ. ಹಝ್ರತ್ ಆಯಿಶಾ(ರ) ಪ್ರವಾದಿ(ಸ)ರೊಂದಿಗೆ ಓಟದ ಪಂದ್ಯ ನಡೆಸಿ ಗೆದ್ದ ಸಂಗತಿ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ ಎಂಬುದನ್ನು ಅವರು ನೆನಪಿಸಿಕೊಳ್ಳುವುದಿಲ್ಲ.

1985ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ ಗರ್ಭಿಣಿಯರ ವ್ಯಾಯಾಮಕ್ಕೆ ಒಂದು ಮಿತಿ ಹಾಕಿತು: ಹೃದಯಬಡಿತ ನಿಮಿಷಕ್ಕೆ 140 ಮೀರಬಾರದು, ಕಠಿಣ ವ್ಯಾಯಾಮ 15 ನಿಮಿಷಕ್ಕಿಂತ ಹೆಚ್ಚಿರಬಾರದು. ಇದು ಎಚ್ಚರಿಕೆಯ ಅಂದಾಜೇ ಹೊರತು ಅಳೆದು ಕಂಡ ಸತ್ಯವಾಗಿರಲಿಲ್ಲ. ಅಳೆದವರಲ್ಲಿ ಒಬ್ಬರು ಡಾ. ಜೇಮ್ಸ್ ಕ್ಲ್ಯಾಪ್. ಗರ್ಭ ನಿಲ್ಲುವ ಮೊದಲಿನಿಂದಲೂ ಓಡುತ್ತಿದ್ದ ಮಹಿಳೆಯರನ್ನು ಅವರು ಗಮನಿಸುತ್ತ ಹೋದರು. ಓಟ ಮುಂದುವರಿಸಿದವರಲ್ಲಿ ಗರ್ಭಪಾತ ಇತರರಿಗಿಂತ ಹೆಚ್ಚಿರಲಿಲ್ಲ ಎಂದು 1989ರಲ್ಲಿ ಪ್ರಕಟಿಸಿದರು. 1994ರಲ್ಲಿ ಆ ಸಂಘಟನೆ 140ರ ಮಿತಿಯನ್ನು ಕೈಬಿಟ್ಟಿತು. 2020ರ ಅದರ ಸಲಹೆಯಂತೆ, ತೊಡಕಿಲ್ಲದ ಗರ್ಭಿಣಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವ್ಯಾಯಾಮ ಒಳ್ಳೆಯದು; ಮೊದಲಿನಿಂದ ಓಡುತ್ತಿದ್ದವರು ವೈದ್ಯರನ್ನು ಕೇಳಿ ಓಟ ಮುಂದುವರಿಸಬಹುದು.

ಹಾಗೆಂದು ಹೇಗೆ ಓಡಿದರೂ ಸರಿ ಎಂದಲ್ಲ. ಮಗುವಿಗಾಗಿ ಕಾಯುತ್ತಿರುವವರ ಕುರಿತು 2012ರಲ್ಲಿ ಡೆನ್ಮಾರ್ಕ್‌ನ ಅಧ್ಯಯನವೊಂದು ಹೊರಬಂತು. ವಾರಕ್ಕೆ ಐದು ಗಂಟೆಗೂ ಮಿಕ್ಕಿ ಕಠಿಣ ವ್ಯಾಯಾಮ ಮಾಡುವ ತೆಳ್ಳಗಿನ ಮಹಿಳೆಯರು ಗರ್ಭ ಧರಿಸಲು ತಡವಾಗುತ್ತಿತ್ತು. ದಪ್ಪಗಿದ್ದವರಲ್ಲಿ ಹಾಗೆ ಕಾಣಲಿಲ್ಲ. ಕಡಿಮೆ ತಿಂದು ಹೆಚ್ಚು ಓಡಿದರೆ ಮುಟ್ಟೇ ನಿಂತುಹೋಗುವುದುಂಟು. ಮೊದಲ ವಾರಗಳಲ್ಲಿ, ಶಿಶುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವ ಹೊತ್ತಿನಲ್ಲಿ, ತಾಯಿಯ ಮೈ ಅತಿಯಾಗಿ ಕಾಯಬಾರದು. ಆದ್ದರಿಂದ ಸುಡುಬಿಸಿಲಿನ ಓಟ ಬೇಡ, ನೀರು ಜೊತೆಗಿರಲಿ. ರಕ್ತಸ್ರಾವ, ತಲೆಸುತ್ತು, ಎದೆನೋವು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ನಮ್ಮ ಮನೆಗಳಲ್ಲಿ ಬಸುರಿ ಸೊಸೆ ಬೆಳಿಗ್ಗೆ ಬೂಟು ಹಾಕಿ ಹೊರಟರೆ ಅತ್ತೆ ಗಾಬರಿಯಾಗುತ್ತಾರೆ. ಅದೇ ಸೊಸೆ ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತಿದರೆ ಯಾರೂ ತಡೆಯುವುದಿಲ್ಲ.