ಕಣಭೌತವಿಜ್ಞಾನದ ಪ್ರಯೋಗಗಳಲ್ಲಿ ಸಂಖ್ಯಾಶಾಸ್ತ್ರ: ಕರ್ನಾಟಕದ ಅಧ್ಯಾಯ

ಕಣಭೌತವಿಜ್ಞಾನದ ಪ್ರಯೋಗಕ್ಕೆ ಬೇಕಾದ ಸಂಖ್ಯಾಶಾಸ್ತ್ರ ಕರ್ನಾಟಕದಲ್ಲಿ ಬೇರೂರಿದ್ದು ಕೋಲಾರ ಚಿನ್ನದ ಗಣಿಯ ಆಳದಲ್ಲಿ. ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ 1950ರ ದಶಕದ ಆರಂಭದಲ್ಲಿ ಉಪಕರಣಗಳನ್ನು ಗಣಿಗೆ ಇಳಿಸಿದವರು ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್. ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳು ಕಲ್ಲುಬಂಡೆಯನ್ನು ತೂರಿಕೊಂಡು ಎಷ್ಟು ಆಳದವರೆಗೆ ಬರುತ್ತವೆ ಎಂದು ಎಣಿಸುವುದು ಅಂದಿನ ಕೆಲಸವಾಗಿತ್ತು. ಕೆಳಗಿಳಿದಷ್ಟೂ ಎಣಿಕೆ ಕುಸಿಯುತ್ತ ಹೋಯಿತು. 1960ರ ದಶಕದ ಆರಂಭದಲ್ಲಿ 2,760 ಮೀಟರ್ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ದಾಖಲಾಗಲಿಲ್ಲ.

ಸೊನ್ನೆ ಬಂತೆಂದು ಲೆಕ್ಕದ ಪುಸ್ತಕ ಮುಚ್ಚುವಂತಿಲ್ಲ. ಅಪರೂಪದ ಘಟನೆಗಳ ಎಣಿಕೆ ಪ್ವಾಸಾನ್ ವಿತರಣೆಯನ್ನು ಅನುಸರಿಸುತ್ತದೆ. ಅದರ ಪ್ರಕಾರ, ಒಂದು ಅವಧಿಯಲ್ಲಿ ಸರಾಸರಿ 2.3 ಕಣ ಬರಬೇಕಾದ ಕಡೆಯೂ ಒಂದೂ ಕಾಣದಿರುವ ಸಾಧ್ಯತೆ ನೂರಕ್ಕೆ ಹತ್ತು. ಆದ್ದರಿಂದ ಸೊನ್ನೆ ಕಂಡವರು ‘ನಿಜವಾದ ಸರಾಸರಿ 2.3ಕ್ಕಿಂತ ಹೆಚ್ಚಿರಲಾರದು’ ಎಂದು ಶೇ 90ರ ವಿಶ್ವಾಸ ಮಟ್ಟದಲ್ಲಿ ಹೇಳಬಹುದು. ಇದಕ್ಕೆ ಮೇಲ್ಮಿತಿ ಎನ್ನುತ್ತಾರೆ. ಕಣಭೌತವಿಜ್ಞಾನದ ವಿದ್ಯಾರ್ಥಿ ಮೊದಲು ಕಲಿಯುವ ಲೆಕ್ಕಗಳಲ್ಲಿ ಇದೂ ಒಂದು. ಗಣಿಯ ಸೊನ್ನೆಯಿಂದ ಇನ್ನೂ ದೊಡ್ಡ ಪ್ರಯೋಜನವಾಯಿತು: ಮ್ಯೂಆನ್ ಗದ್ದಲವೇ ಇಲ್ಲದ ಜಾಗ ನ್ಯೂಟ್ರಿನೊ ಹುಡುಕಲು ಹೇಳಿ ಮಾಡಿಸಿದಂತಿತ್ತು.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯ ಕೂಡಿ ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ ಶೋಧಕಗಳನ್ನು ನಿಲ್ಲಿಸಿದವು. ಇವರ ಉಪಾಯ ಸರಳ, ಸುಂದರ. ಅಷ್ಟು ಆಳಕ್ಕೆ ಮೇಲಿನಿಂದ ತಲುಪುವ ಮ್ಯೂಆನ್‌ಗಳು ಬಹುಪಾಲು ನೆಟ್ಟಗೆ ಇಳಿಯುತ್ತವೆ. ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಇನ್ನೂ ದಪ್ಪ. ಹಾಗಾಗಿ ಅಡ್ಡಡ್ಡ ಹಾಯುವ ಮ್ಯೂಆನ್ ಕಂಡರೆ ಅದು ಅಲ್ಲೇ ಸುತ್ತಲಿನ ಬಂಡೆಯಲ್ಲಿ ನ್ಯೂಟ್ರಿನೊದಿಂದ ಹುಟ್ಟಿರಬೇಕು. ಹಿನ್ನೆಲೆ ಹೆಚ್ಚುಕಡಿಮೆ ಸೊನ್ನೆಯಾದ್ದರಿಂದ ಬೆರಳೆಣಿಕೆಯ ಘಟನೆಗಳೇ ಸಾಕಾದವು. ಫಲಿತಾಂಶ 1965ರ ಆಗಸ್ಟ್‌ನಲ್ಲಿ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಹುಡುಕಾಟದಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ಲೇಖನ ಅದರ ಬೆನ್ನಿಗೇ ಹೊರಬಂತು. ವಾಯುಮಂಡಲದ ನ್ಯೂಟ್ರಿನೊಗಳನ್ನು ಜಗತ್ತು ಮೊದಲು ಕಂಡದ್ದು ಈ ಎರಡು ಗಣಿಗಳಲ್ಲಿ. ಕನ್ನಡ ನಾಡು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿಯಿದು.

ಮುಂದಿನ ಎರಡು ಪ್ರಕರಣಗಳು ಕಠಿಣ. 1975ರಲ್ಲಿ ಕೋಲಾರದ ತಂಡ ಐದು ವಿಚಿತ್ರ ಘಟನೆಗಳನ್ನು ವರದಿ ಮಾಡಿತು: ಬಂಡೆಯಿಂದ ಹೊರಗೆ, ಗಾಳಿಯಲ್ಲಿ ಒಂದು ಬಿಂದುವಿನಿಂದ ಕವಲೊಡೆದಂತೆ ಕಾಣುವ ಜಾಡುಗಳು. ಹೊಸ ಕಣವಿರಬಹುದೆಂಬ ಈ ‘ಕೋಲಾರ ಘಟನೆ’ಗಳನ್ನು ವೇಗವರ್ಧಕಗಳಲ್ಲಿ ಹುಡುಕಿದವರಿಗೆ ಅಂಥದ್ದೇನೂ ಸಿಗಲಿಲ್ಲ. 1980ರ ಕೊನೆಗೆ ಪ್ರೋಟಾನ್ ಕ್ಷಯವನ್ನು ಹುಡುಕಲು 140 ಟನ್ ತೂಕದ ಕಬ್ಬಿಣದ ಶೋಧಕ ಕೆಲಸ ಶುರುಮಾಡಿತು. ಸಿಕ್ಕಿದ ಕೆಲವೇ ‘ಅಭ್ಯರ್ಥಿ ಘಟನೆ’ಗಳಿಂದ ಪ್ರೋಟಾನಿನ ಆಯುಸ್ಸು ಸುಮಾರು 10³¹ ವರ್ಷ ಎಂಬ ಅಂದಾಜು ಹೊರಬಿತ್ತು. ಅಮೆರಿಕದ ಓಹಾಯೊದ ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ನೀರಿಟ್ಟುಕೊಂಡು ಕಾದ ತಂಡ ತನಗೆ ಪ್ರೋಟಾನ್ ಕ್ಷಯವೇ ಕಾಣಲಿಲ್ಲವೆಂದು 1983ರಲ್ಲಿ ಪ್ರಕಟಿಸಿತು. ಇಲ್ಲಿ ತೊಡಕಿದ್ದದ್ದು ಎಣಿಕೆಯಲ್ಲಲ್ಲ, ಹಿನ್ನೆಲೆಯಲ್ಲಿ. ಶೋಧಕದೊಳಗೇ ಡಿಕ್ಕಿ ಹೊಡೆಯುವ ನ್ಯೂಟ್ರಿನೊ ಪ್ರೋಟಾನ್ ಕ್ಷಯದ ವೇಷ ಹಾಕಬಲ್ಲದು. ಮೂರು ಅಥವಾ ಆರು ಘಟನೆಗಳಿದ್ದಾಗ ಹಿನ್ನೆಲೆಯ ಅಂದಾಜಿನಲ್ಲಿ ಒಂದೆರಡು ಅತ್ತಿತ್ತ ಆದರೂ ತೀರ್ಮಾನವೇ ಬದಲಾಗುತ್ತದೆ. 1965ರಲ್ಲಿ ಕೈಹಿಡಿದ ಶುದ್ಧ ಹಿನ್ನೆಲೆ ಈ ಸಲ ಇರಲಿಲ್ಲ. ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು.

ಈ ಶಾಸ್ತ್ರದ ತಳಹದಿಯ ಒಂದು ಕಲ್ಲೂ ಇದೇ ನೆಲದ್ದು. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ 1945ರಲ್ಲಿ ಪ್ರಕಟಿಸಿದ ಲೇಖನದಿಂದ ಬಂದ ಕ್ರಾಮರ್–ರಾವ್ ಮಿತಿ, ಕೈಯಲ್ಲಿರುವ ದತ್ತಾಂಶದಿಂದ ಒಂದು ಅಳತೆಯನ್ನು ಗರಿಷ್ಠ ಎಷ್ಟು ನಿಖರವಾಗಿ ಅಂದಾಜಿಸಬಹುದು ಎಂದು ಹೇಳುತ್ತದೆ. ಶೋಧಕ ಕಟ್ಟುವ ಮೊದಲೇ ಅದರ ಫಲವನ್ನು ಲೆಕ್ಕ ಹಾಕುವವರಿಗೆ ಇದು ನಿತ್ಯದ ಸಾಧನ.

ನಂತರದ ಬೆಳವಣಿಗೆ ವೇಗವಾಗಿ ನಡೆಯಿತು. 1998ರಲ್ಲಿ ಗ್ಯಾರಿ ಫೆಲ್ಡ್‌ಮನ್ ಮತ್ತು ರಾಬರ್ಟ್ ಕಸಿನ್ಸ್ ಕಡಿಮೆ ಎಣಿಕೆಗಳಿಗೆ ವಿಶ್ವಾಸ ವ್ಯಾಪ್ತಿ ಕಟ್ಟುವ ಏಕರೂಪದ ವಿಧಾನ ಕೊಟ್ಟರು. ಹೊಸ ಕಣ ಸಿಕ್ಕಿತೆನ್ನಲು 5 ಸಿಗ್ಮಾ ಬೇಕೆಂಬ ರೂಢಿ ನೆಲೆಯೂರಿತು. ಹಿನ್ನೆಲೆಯೊಂದೇ ಅಂಥ ಏರಿಳಿತ ತೋರುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದಿರಬೇಕು ಎಂಬುದು ಇದರ ಅರ್ಥ. 2012ರ ಜುಲೈ 4ರಂದು ಹಿಗ್ಸ್ ಬೋಸಾನ್ ಘೋಷಣೆ ಆ ಗೆರೆ ಮುಟ್ಟಿಯೇ ಹೊರಬಿತ್ತು.

ಕಲಿಕೆಯ ದಾರಿಯೂ ಈಗ ಬೇರೆ. ಜಿನೀವಾ ಬಳಿಯ ಸರ್ನ್ 2014ರಿಂದ ಸಿಎಂಎಸ್ ಮುಂತಾದ ಪ್ರಯೋಗಗಳ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿದೆ. ವಿಶ್ಲೇಷಣೆಗೆ ಬಳಸುವ ರೂಟ್ ತಂತ್ರಾಂಶವೂ ಉಚಿತ. ಚೌಡಾಪುರದ ಹುಡುಗಿಯೊಬ್ಬಳು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕೂತು ಸಿಎಂಎಸ್‌ನ ಮ್ಯೂಆನ್ ಜೋಡಿಗಳನ್ನು ಆಯ್ದು, ಪ್ರತಿ ಜೋಡಿಯ ದ್ರವ್ಯರಾಶಿ ಲೆಕ್ಕ ಹಾಕಿ ನಕ್ಷೆ ಬರೆಯಬಹುದು. 3 ಜಿಇವಿ ಹತ್ತಿರ ಜೆ/ಸೈ ಕಣ, ಇನ್ನೂ ಮುಂದೆ 91 ಜಿಇವಿ ಬಳಿ ಜೆಡ್ ಬೋಸಾನ್ ಶಿಖರಗಳಾಗಿ ಏಳುತ್ತವೆ. ಶಿಖರದ ಅಡಿಯಲ್ಲಿರುವ ಹಿನ್ನೆಲೆಯನ್ನು ಅಂದಾಜಿಸಿ ಕಳೆಯುವುದು ಆ ಅಭ್ಯಾಸದ ಮುಂದಿನ ಹೆಜ್ಜೆ.